ಅರವತ್ತು ಹುಳು, ಒಂದೇ ತಪ್ಪು: ಮಲೆನಾಡಲ್ಲಿ ಟೈರಾನಿಡ್ ಹಿಂಡು ಕೈಕೊಟ್ಟಾಗ

ಆಶ್ಲೇಷ ಮಳೆ ಎರಡು ದಿನ ಹೊಳವು ಕೊಟ್ಟಿತ್ತು. ಚಿಕ್ಕಮಗಳೂರಿನ ನಮ್ಮ ಮನೆ ತಾರಸಿಯ ಶೀಟಿನಡಿ, ಹಳೇ ರಟ್ಟಿನ ಮೇಲೆ 60 ಟರ್ಮಗಾಂಟ್‌ಗಳನ್ನು, ಅಂದರೆ ವಾರ್‌ಹ್ಯಾಮರ್ ಆಟದ ಪುಟ್ಟ ಹುಳು ಬೊಂಬೆಗಳನ್ನು, ಸಾಲಾಗಿ ನಿಲ್ಲಿಸಿದೆ. ಒಂದೇ ಉಸಿರಿಗೆ ಸ್ಪ್ರೇ ಕ್ಯಾನಿನಿಂದ ಕಪ್ಪು ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಕೋಟು) ಹೊಡೆದು ಕೆಳಗಿಳಿದೆ. ಕಾಫಿ ಕುಡಿದು ವಾಪಸ್ ಬಂದು ನೋಡಿದರೆ ಎಲ್ಲವೂ ಬೂದಿಯಲ್ಲಿ ಹೊರಳಾಡಿ ಎದ್ದ ಹಾಗಿದ್ದವು. ಬಟ್ಟೆ ತೆಗೆಯಲು ಬಂದ ಅಮ್ಮ, "ಏನೋ ಇದು, ಎಲ್ಲಕ್ಕೂ ಬೂಷ್ಟು ಹಿಡಿದಿದೆಯಲ್ಲೋ" ಅಂದರು. ಬೂಷ್ಟಲ್ಲ. ಆದರೆ ಬೂಷ್ಟಿಗೆ ಏನು ಕಾರಣವೋ ಇದಕ್ಕೂ ಅದೇ ಕಾರಣ ಅನ್ನುವುದು ತಲೆಗೆ ಹೋಗಲು ನನಗೆ ಇನ್ನೊಂದು ಮಳೆಗಾಲ ಬೇಕಾಯಿತು.

ವಾರ್‌ಹ್ಯಾಮರ್ 40,000 ಅಂದರೆ ಬೊಂಬೆ ಸೈನ್ಯವನ್ನು ನಾವೇ ಕಟ್ಟಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಆಡುವ ಯುದ್ಧದಾಟ. ಅದನ್ನು ಆಡುವವರಲ್ಲಿ ಟೈರಾನಿಡ್, ಅಂದರೆ ಹುಳುಗಳ ಸೈನ್ಯ, ಹಿಡಿದವರ ಕಷ್ಟವೇ ಬೇರೆ. ಕವಚ ತೊಟ್ಟ ಹತ್ತು ಸೈನಿಕರನ್ನು ಕಟ್ಟುವವನು ಒಂದು ತಪ್ಪು ಮಾಡಿದರೆ ಒಂದೆರಡು ಬೊಂಬೆ ಹಾಳು. ನಾವು ಕೂತಲ್ಲೇ ಒಂದೇ ಕೆಲಸವನ್ನು 60 ಸಲ ಮಾಡುತ್ತೇವೆ. ತಪ್ಪೂ 60 ಸಲ ಆಗುತ್ತದೆ.

ನನ್ನ ಹಿಂಡಿಗೆ ಕೆಂಜಿಗದ ವೇಷ. ಕಾಫಿ ಕುಯ್ಯುವಾಗ ಕೊಂಬೆ ಎಳೆದರೆ ಎಲೆಗೂಡಿನಿಂದ ಕತ್ತಿನೊಳಗೆ ಉದುರಿ ಕಚ್ಚುತ್ತವಲ್ಲ, ಅದೇ. ಚಗಳಿ ಅಂತಲೂ ಅನ್ನುತ್ತಾರೆ, ಚಟ್ನಿಯನ್ನೂ ಮಾಡುತ್ತಾರೆ. ಕೆಲಸದ ಇರುವೆಗಳು ಕಿತ್ತಳೆ ಬೆರೆತ ಕೆಂಪು, ರಾಣಿ ಮಾತ್ರ ಹಸಿರು. ಈ ಹಸಿರು ರಾಣಿ ಮುಂದೆ ಆಟದಲ್ಲಿ ಕೆಲಸಕ್ಕೆ ಬರುತ್ತಾಳೆ. ನಿಮಗೆ ಆಟದ ಕಥೆಯಲ್ಲಿ ಬರುವ ಟೈರಾನಿಡ್ ಪಡೆಗಳ ಬಣ್ಣ, ಬೆಹೆಮತ್‌ನ ಕೆಂಪು-ನೀಲಿಯೋ, ಲೆವಿಯಾಥನ್‌ನ ಬಿಳಿ-ನೇರಳೆಯೋ ಇಷ್ಟವಾದರೆ ಅದನ್ನೇ ಹಚ್ಚಿ. ಬಣ್ಣ ಬೇರೆಯಾದರೂ ಕೈಕೊಡುವ ಜಾಗಗಳು ಇವೇ.

ಮೊದಲು ಎಲ್ಲಿ ಕೆಟ್ಟಿದೆ ನೋಡಿ

ದೋಷ ಕಂಡ ತಕ್ಷಣ ಸರಿಮಾಡಲು ಕೈ ಹಾಕಬೇಡಿ. ಎಲ್ಲ ಬೊಂಬೆಗಳನ್ನೂ ಕಿಟಕಿ ಹತ್ತಿರ ಒಂದು ಸಾಲಿನಲ್ಲಿ ಇಡಿ. ಎಲ್ಲದರಲ್ಲೂ ಒಂದೇ ಥರ ಕೆಟ್ಟಿದ್ದರೆ ತಪ್ಪು ಗಾಳಿಯಲ್ಲಿ, ಕ್ಯಾನಿನಲ್ಲಿ ಅಥವಾ ಬಾಟಲಿಯಲ್ಲಿದೆ. ಕೆಲವದರಲ್ಲಿ ಮಾತ್ರ ಇದ್ದರೆ ನಿಮ್ಮ ಕೈಯಲ್ಲಿದೆ. ಒಂದೇ ಮಗ್ಗುಲಲ್ಲಿ ಇದ್ದರೆ ಸ್ಪ್ರೇ ಬಂದ ದಿಕ್ಕು ಅಥವಾ ಬಿಸಿಲು ಬಿದ್ದ ದಿಕ್ಕು ನೋಡಿ. ನನ್ನ ಅರ್ಧ ಸಮಸ್ಯೆಗಳು ಈ ಸಾಲು ನೋಡಿದಾಗಲೇ ಗೊತ್ತಾಗಿವೆ.

ಇನ್ನೊಂದು. ಯಾವ ಹೊಸ ಬಣ್ಣ, ಅಂಟು, ವಾರ್ನಿಶ್ ಬಂದರೂ ಮೊದಲು ಒಂದೇ ಹುಳಕ್ಕೆ ಹಚ್ಚಿ ರಾತ್ರಿಯಿಡೀ ಬಿಡಿ. ನನ್ನ ಹತ್ತಿರ ಇದಕ್ಕೇ ಅಂತ ಕಾಲು ಮುರಿದ ಒಂದು ಹಾರ್ಮಗಾಂಟ್ (ಹಿಂಡಿನ ಇನ್ನೊಂದು ಜಾತಿಯ ಹುಳು) ಇದೆ. ಏಳೆಂಟು ಕೋಟು ಬಣ್ಣ ತಿಂದು ಜೀಡಿ ಬೀಜದ ಹಾಗೆ ಉಬ್ಬಿದೆ. ಇಡೀ ಸೈನ್ಯದಲ್ಲಿ ಅತಿ ಹೆಚ್ಚು ದುಡಿದದ್ದು ಅದೇ.

ಪ್ರೈಮರ್ ಬೆಳ್ಳಗಾಗಿದೆ

ಇಲ್ಲಿ ಎರಡು ಬೇರೆ ಬೇರೆ ದೋಷ ಒಂದೇ ಥರ ಕಾಣುತ್ತವೆ. ಉಗುರಿನಿಂದ ಬೆನ್ನನ್ನು ಮೆಲ್ಲಗೆ ಸವರಿ. ನುಣ್ಣಗಿದ್ದೂ ಮೋಡ ಕವಿದ ಹಾಗಿದ್ದರೆ ಒಂದು ಕಥೆ. ಉಪ್ಪುಕಾಗದದಂತೆ ಚುಚ್ಚಿದರೆ ಇನ್ನೊಂದು.

ನುಣುಪಾದ ಬಿಳುಪು ತೇವದ್ದು. ಸ್ಪ್ರೇಯಲ್ಲಿರುವ ದ್ರಾವಕ ಆವಿಯಾಗುವಾಗ ಬೊಂಬೆಯ ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ನೀರು ಜಾಸ್ತಿ ಇದ್ದರೆ ಆ ತಣ್ಣನೆ ಮೈಮೇಲೆ ಬಂದು ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೆ. ಆ ನೀರು ಒಣಗದ ಬಣ್ಣದಲ್ಲಿ ಸಿಕ್ಕಿಕೊಂಡು ಮಂಜಾಗಿ ಉಳಿಯುತ್ತದೆ. ಮಳೆ ಬರುತ್ತಿಲ್ಲ ಅಂದರೆ ಗಾಳಿ ಒಣಗಿದೆ ಅಂತಲ್ಲ. ನನ್ನ ಆಶ್ಲೇಷದ ಎಡವಟ್ಟು ಆಗಿದ್ದೇ ಅಲ್ಲಿ. ಹೊಳವಿನ ದಿನ ನೆಲ, ಗೋಡೆ, ಮರ ಎಲ್ಲವೂ ನೀರು ಬಿಡುತ್ತಿರುತ್ತವೆ.

ಒರಟು ಬಿಳುಪು ಇದರ ಉಲ್ಟಾ. ಹನಿಗಳು ಬೊಂಬೆ ಮುಟ್ಟುವ ಮೊದಲೇ ದಾರಿಯಲ್ಲಿ ಒಣಗಿ ಪುಡಿಯಾಗಿ ಬೀಳುತ್ತವೆ. ಮಾರ್ಚ್ ತಿಂಗಳ ಬಿಸಿಲಲ್ಲಿ, ಗಾಳಿ ಬೀಸುವಾಗ, ಕ್ಯಾನನ್ನು ದೂರ ಹಿಡಿದಾಗ ಆಗುವುದು ಇದು. ಹಾಸನದ ಗೆಳೆಯನಿಗೆ ಯಾವಾಗಲೂ ಇದೇ ಕಾಟ, ನನಗೆ ಯಾವಾಗಲೂ ಮೊದಲಿನದು. ನಡುವೆ ಇರುವುದು ಸುಮಾರು 60 ಕಿಲೋಮೀಟರು, ಅಷ್ಟೇ. ಅವನ ಸಲಹೆ ಕೇಳಿ ನಾನೂ, ನನ್ನ ಸಲಹೆ ಕೇಳಿ ಅವನೂ ಒಂದು ವರ್ಷ ಕೆಟ್ಟೆವು.

ಪರಿಹಾರವೂ ಬೇರೆ ಬೇರೆ. ತೇವದ ಬಿಳುಪಾದರೆ ಬೊಂಬೆಗಳನ್ನು ಒಂದೆರಡು ದಿನ ಬೆಚ್ಚಗಿನ ಒಣ ಜಾಗದಲ್ಲಿಟ್ಟು, ಒಳ್ಳೆಯ ಬಿಸಿಲಿನ ದಿನ ಅದೇ ಪ್ರೈಮರ್‌ನ ಒಂದು ತೆಳು ಕೋಟು ಹೊಡೆದು ನೋಡಿ. ಹೊಸ ದ್ರಾವಕ ಹಳೇ ಪದರವನ್ನು ಸ್ವಲ್ಪ ಕರಗಿಸುವುದರಿಂದ ಎಷ್ಟೋ ಸಲ ಮಂಜು ಹೋಗಿಬಿಡುತ್ತದೆ. ಒರಟಾದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ ಮೇಲೆ ಉಜ್ಜಿ. ಪುಡಿ ಉದುರಿದರೆ ನಿಮ್ಮ ಪುಣ್ಯ. ಉದುರದಿದ್ದರೆ ಅದರ ಮೇಲೆ ಇನ್ನೊಂದು ಕೋಟು ಹೊಡೆಯಬೇಡಿ, ಒರಟು ಇನ್ನೂ ದಪ್ಪಗಾಗುತ್ತದೆ ಅಷ್ಟೇ.

ಆಗದಿರಲು ಏನು ಮಾಡಬೇಕು? ಗಾಳಿಯ ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ತಗೊಳ್ಳಿ, ಸಾವಿರ ರೂಪಾಯಿಯೂ ಆಗುವುದಿಲ್ಲ. ಶೇಕಡಾ 70ರ ಮೇಲೆ ತೋರಿಸಿದರೆ ನಾನು ಕ್ಯಾನ್ ಮುಟ್ಟುವುದಿಲ್ಲ. ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ ಬೀಸಿಕೊಂಡು ಹೊಡೆಯಿರಿ, ಒಂದೇ ಕಡೆ ನಿಲ್ಲಿಸಬೇಡಿ. ಪುನರ್ವಸುವಿನಿಂದ ಮಘೆ ಮುಗಿಯುವವರೆಗೆ ನಮ್ಮಲ್ಲಿ ಸ್ಪ್ರೇ ಕೆಲಸವೇ ಬೇಡ. ಬ್ರಷ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಸಿಗುತ್ತದೆ. ನಿಧಾನ, ಆದರೆ ಮನೆಯೊಳಗೆ ಕೂತು ಮಾಡಬಹುದು. ಅಮ್ಮ ಒದ್ದೆ ಬಟ್ಟೆ ಒಣಗಿಸುವ ಹಾಗೆ "ಬಚ್ಚಲೊಲೆ ಹತ್ತಿರ ಇಡೋ" ಅಂದರು. ಪ್ರೈಮರ್ ಒಣಗಿ ವಾಸನೆ ಪೂರ್ತಿ ಹೋದ ಬೊಂಬೆಯನ್ನು ಒಲೆಯಿಂದ ದೂರದ ಬೆಚ್ಚನೆ ಗೋಡೆ ಹತ್ತಿರ ಇಟ್ಟರೆ ಅಡ್ಡಿಯಿಲ್ಲ. ಕ್ಯಾನನ್ನು ಮಾತ್ರ ಬೆಂಕಿಯ ಹತ್ತಿರಕ್ಕೂ ಒಯ್ಯಬಾರದು, ಅದು ಸಿಡಿಯುತ್ತದೆ.

ಪೂರ್ತಿ ಬಣ್ಣ ತೆಗೆಯಲೇಬೇಕಾದರೆ ಡೆಟಾಲ್ ನಡೆಯುತ್ತದೆ. ನೀರು ಸೇರಿಸದೆ, ಗಾಜಿನ ಬಾಟಲಿಯಲ್ಲಿ, ಒಂದು ರಾತ್ರಿ. ಬೆಳಿಗ್ಗೆ ಕೈಗವಸು ಹಾಕಿ ಡೆಟಾಲ್‌ನಲ್ಲೇ ಉಜ್ಜಿ. ನಾನು ಮೊದಲ ಸಲ ಸೀದಾ ನಲ್ಲಿ ಕೆಳಗೆ ಹಿಡಿದೆ. ನೀರು ತಾಗಿದ್ದೇ ತಡ, ಸಡಿಲವಾಗಿದ್ದ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟಂಟಾಗಿ ಬೊಂಬೆಗೂ ಬ್ರಷ್‌ಗೂ ಸಿಂಕಿಗೂ ಹಿಡಿದುಕೊಂಡಿತು. ಬಣ್ಣ ಪೂರ್ತಿ ಬಿಟ್ಟ ಮೇಲೆ ಕೊನೆಯಲ್ಲಿ ಮಾತ್ರ ಪಾತ್ರೆ ತೊಳೆಯುವ ಸೋಪು, ಆಮೇಲೆ ನೀರು. ಸಿಂಕ್ ಉಜ್ಜಿದ ಕಥೆ ಬೇಡ ಬಿಡಿ.

ಕೈ ಉದುರುತ್ತದೆ, ಅಂಟಿನ ಸುತ್ತ ಬಿಳಿ ಹೊಗೆ

ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬೊಂಬೆಗೆ ಪ್ಲಾಸ್ಟಿಕ್ ಸಿಮೆಂಟೇ ಸರಿ. ಅದು ಎರಡೂ ಕಡೆ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್‌ಗೂ ಲೋಹಕ್ಕೂ ಅದರಿಂದ ಏನೂ ಆಗದು. ಕೈ ಉದುರಿದಾಗ ಜಾಗ ನೋಡಿ. ಎರಡೂ ಕಡೆ ಹೊಳೆಯುವ ನುಣುಪಾದ ಅಂಟು ಹಾಗೇ ಕೂತಿದ್ದರೆ ತಪ್ಪು ಅಂಟು. ಒಂದು ಕಡೆ ಬಣ್ಣ ಕಿತ್ತು ಬಂದಿದ್ದರೆ ನೀವು ಬಣ್ಣದ ಮೇಲೆ ಅಂಟಿಸಿದ್ದೀರಿ, ಕೆರೆದು ಮತ್ತೆ ಅಂಟಿಸಿ. ರೆಸಿನ್ ಬೊಂಬೆಯಾದರೆ ಅಚ್ಚಿನ ಜಿಡ್ಡು ಉಳಿದಿರುತ್ತದೆ, ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸದೆ ಶುರು ಮಾಡಬೇಡಿ.

ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಹಾಗಾಗಿ ನಮ್ಮೂರಲ್ಲಿ ಅದು ಬೇಗ ಹಿಡಿಯುತ್ತದೆ ಅಂತ ಖುಷಿಪಡಬಹುದು. ಆದರೆ ಅದರ ಆವಿಯೂ ತೇವದ ಜೊತೆ ಸೇರಿ ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಅಂಟು ಜಾಸ್ತಿ ಹಾಕಿ, ತಕ್ಷಣ ಡಬ್ಬಿಯಲ್ಲಿ ಮುಚ್ಚಿಟ್ಟರೆ ಗ್ಯಾರಂಟಿ. ಸೂಜಿ ತುದಿಯಷ್ಟು ಅಂಟು ಸಾಕು. ಮುಚ್ಚದೆ, ಫ್ಯಾನ್ ಗಾಳಿಯಲ್ಲಿ ಬಿಡಿ.

ಬೆನ್ನ ಮೇಲೆ ಕಾಫಿ ಲೋಟದ ಗುರುತು

2019ರಲ್ಲಿ ಕಾಂಟ್ರಾಸ್ಟ್ ಬಣ್ಣ ಬಂದ ಮೇಲೆ ಹಿಂಡು ಕಟ್ಟುವವರ ಬದುಕು ಹಗುರಾಯಿತು. ಬಿಳಿ ಪ್ರೈಮರ್ ಮೇಲೆ ಒಂದೇ ಕೋಟು, ಗುಂಡಿಯಲ್ಲಿ ಗಾಢ, ಉಬ್ಬಿನಲ್ಲಿ ತಿಳಿ. ಆದರೆ ಬೆನ್ನುಚಿಪ್ಪಿನ ಅಗಲವಾದ ಜಾಗದಲ್ಲಿ ಅಂಚಿಗೆ ಕಪ್ಪು ಉಂಗುರ ಬೀಳುತ್ತದೆ. ಟೇಬಲ್ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ನಡುವೆ ತಿಳಿಯಾಗಿ ಅಂಚಲ್ಲಿ ಗೆರೆ ಉಳಿಯುತ್ತಲ್ಲ, ಅದೇ ಇದು. ಹನಿಯ ಅಂಚು ಮೊದಲು ಒಣಗುತ್ತದೆ, ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ವಿಜ್ಞಾನಿಗಳೂ ಇದಕ್ಕೆ ಕಾಫಿ ರಿಂಗ್ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮೂರಿನವರಿಗೆ ಬೇರೆ ವಿವರಣೆ ಬೇಕಿಲ್ಲ.

ಹಚ್ಚಿದ ತಕ್ಷಣ ಒಣ ಬ್ರಷ್‌ನ ತುದಿ ಇಟ್ಟು ಕೆರೆಗಟ್ಟಿದ ಬಣ್ಣವನ್ನು ಹೀರಿ ತೆಗೆಯಿರಿ. ತೆಳು ಮಾಡಬೇಕಿದ್ದರೆ ನೀರಲ್ಲ, ಅದರದೇ ಮೀಡಿಯಮ್ (ಬಣ್ಣ ತೆಳು ಮಾಡಲು ಸಿಗುವ ದ್ರವ). ಅರ್ಧ ಒಣಗಿದಾಗ ಮಾತ್ರ ಮುಟ್ಟಲೇಬೇಡಿ, ಹರಿದ ಚರ್ಮದ ಹಾಗೆ ಆಗುತ್ತದೆ. ಮಳೆಗಾಲದಲ್ಲಿ ಈ ಅರ್ಧ ಒಣಗಿದ ಸ್ಥಿತಿಯೇ ಗಂಟೆಗಟ್ಟಲೆ ಇರುತ್ತದೆ ಅನ್ನುವುದು ನಮ್ಮ ಕರ್ಮ. ಹತ್ತು ಹತ್ತಾಗಿ ಹಚ್ಚಿ, ಎದ್ದು ಹೋಗಿ.

ಇನ್ನೊಂದು ದೂರು ಕೇಳುತ್ತಿರುತ್ತೇನೆ. ಒಂದೊಂದೂ ಚೆನ್ನಾಗಿದೆ, ಒಟ್ಟಿಗೆ ಇಟ್ಟರೆ ಹಿಂಡು ಅನ್ನಿಸುವುದಿಲ್ಲ ಅಂತ. ಸಾಮಾನ್ಯವಾಗಿ ಜುಲೈನಲ್ಲಿ ಹಚ್ಚಿದ ಕೆಂಪು ಒಂದು, ಜನವರಿಯಲ್ಲಿ ಹಚ್ಚಿದ ಕೆಂಪು ಇನ್ನೊಂದು ಆಗಿರುತ್ತದೆ, ಯಾಕೆಂದರೆ ನೀವೇ ಬೆರೆಸಿದ್ದೀರಿ. ಹಿಂಡಿಗೆ ಬಣ್ಣ ಬೆರೆಸಬೇಡಿ, ಬಾಟಲಿಯಿಂದ ಸೀದಾ ಹಚ್ಚಿ. ಈಗಾಗಲೇ ಬೇರೆ ಆಗಿದ್ದರೆ ಎಲ್ಲಕ್ಕೂ ಉಗುರು ಒಂದೇ ಬಣ್ಣ, ಬೇಸ್‌ನ (ಬೊಂಬೆ ನಿಲ್ಲುವ ತಟ್ಟೆ) ಅಂಚು ಒಂದೇ ಬಣ್ಣ ಮಾಡಿ. ಹಳೇಬೀಡಿನ ಗೋಡೆಯ ಕೆಳಸಾಲಿನ ಆನೆಗಳನ್ನು ಒಂದು ಸಲ ಹತ್ತಿರದಿಂದ ನೋಡಿ ಬನ್ನಿ. ಸೊಂಡಿಲು ಒಂದೊಂದರದು ಒಂದೊಂದು ಥರ. ಆದರೆ ಎತ್ತರ ಒಂದೇ, ಹೆಜ್ಜೆ ಹಾಕುವ ದಿಕ್ಕು ಒಂದೇ. ದೂರದಿಂದ ಸೈನ್ಯ ನಡೆದ ಹಾಗೆ ಕಾಣುವುದು ಅದಕ್ಕೇ.

ಬೇಸ್ ಮೇಲೆ ಬೂಷ್ಟು, ಆಮೇಲೆ ಇರುವೆ

ಇದು ಪೂರಾ ನನ್ನದೇ ಬುದ್ಧಿವಂತಿಕೆ. ಕೆಂಜಿಗದ ಹಿಂಡಿಗೆ ಕಾಫಿ ತೋಟದ ನೆಲವೇ ಬೇಕು ಅಂತ, ಫಿಲ್ಟರ್‌ನಲ್ಲಿ ಉಳಿದ ಚರಟವನ್ನು ಬಿಸಿಲಲ್ಲಿ ಒಂದು ದಿನ ಒಣಗಿಸಿ ಫೆವಿಕಾಲ್ ಹಾಕಿ ಇಪ್ಪತ್ತು ಬೇಸ್‌ಗೆ ಅಂಟಿಸಿದೆ. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ಹಾಸನದವನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಮೂರನೇ ವಾರ ಡಬ್ಬಿ ತೆಗೆದರೆ ಹುಳುಗಳ ಕಾಲ ಸಂದಿಯಲ್ಲಿ ಹಸಿರು-ಬೂದು ತುಪ್ಪಳ. ಇಪ್ಪತ್ತೂ ಬೇಸ್‌ನಲ್ಲಿ. ಒರೆಸೋಣ ಅಂತ ಟೇಬಲ್ ಮೇಲೆ ಹೊರಗಿಟ್ಟು ಊಟಕ್ಕೆ ಹೋದೆ. ಬಂದಾಗ ನಿಜವಾದ ಕಪ್ಪಿರುವೆಗಳು ಕಿಟಕಿಯಿಂದ ಸಾಲು ಕಟ್ಟಿಕೊಂಡು ಬಂದು ನನ್ನ ಇರುವೆ ಸೈನ್ಯದ ಕಾಲಡಿಯಿಂದ ಪುಡಿ ಹೊತ್ತುಕೊಂಡು ಹೋಗುತ್ತಿದ್ದವು.

ನಮ್ಮ ಮನೆ ಪುಡಿಯಲ್ಲಿ ಚಿಕೋರಿ ಇದೆ. ಅದರಲ್ಲಿ ಸಕ್ಕರೆಯಂಶ ಇರುತ್ತದೆ, ತೇವವನ್ನೂ ಎಳೆಯುತ್ತದೆ. ಬೂಷ್ಟಿಗೂ ಇರುವೆಗೂ ಒಟ್ಟಿಗೇ ಊಟ ಬಡಿಸಿದ್ದೆ. ಚರಟವೇ ಬೇಕು ಅನ್ನುವವರು ಚಿಕೋರಿ ಇಲ್ಲದ ಪುಡಿಯದ್ದು ತಗೊಂಡು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗುವವರೆಗೆ ಹುರಿದು, ಅಂಟಿಸಿದ ಮೇಲೆ ವಾರ್ನಿಶ್‌ನಿಂದ ಮುಚ್ಚಬೇಕು. ನಾನು ಆ ದಾರಿ ಬಿಟ್ಟೆ. ತೋಟದ ಕೆಮ್ಮಣ್ಣನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ತಣ್ಣಗಾದ ಮೇಲೆ ಹಾಕುತ್ತೇನೆ. ಒಣ ಎಲೆ, ಪಾಚಿ, ಮರದ ತೊಗಟೆ ಯಾವುದಾದರೂ ಇದೇ ಲೆಕ್ಕ. ಸಸ್ಯದಿಂದ ಬಂದದ್ದೆಲ್ಲ ಮಲೆನಾಡಿನಲ್ಲಿ ಬೂಷ್ಟಿಗೆ ಊಟ.

ವಾರ್ನಿಶ್ ಹೊಡೆದ ಮೇಲೆ ಮಸುಕು

ಕಾರಣ ಪ್ರೈಮರ್‌ನದ್ದೇ, ಜೊತೆಗೆ ಇನ್ನೊಂದು. ಮ್ಯಾಟ್ ವಾರ್ನಿಶ್‌ನಲ್ಲಿ ಹೊಳಪು ತೆಗೆಯುವ ಪುಡಿ ಇರುತ್ತದೆ, ಅದು ತಳದಲ್ಲಿ ಕೂತಿರುತ್ತದೆ. ಸರಿಯಾಗಿ ಕುಲುಕದಿದ್ದರೆ, ದಪ್ಪ ಹೊಡೆದರೆ ಬಿಳಿಯಾಗಿ ಮೇಲೆ ನಿಲ್ಲುತ್ತದೆ. ಗಾಬರಿಯಾಗಬೇಡಿ. ಒಂದು ಹುಳಕ್ಕೆ ಬ್ರಷ್‌ನಲ್ಲಿ ಹೊಳಪಿನ (gloss) ವಾರ್ನಿಶ್ ತೆಳ್ಳಗೆ ಹಚ್ಚಿ. ಬಣ್ಣ ವಾಪಸ್ ಬಂದರೆ ಉಳಿದದ್ದಕ್ಕೂ ಹಚ್ಚಿ, ಒಣ ದಿನ ನೋಡಿ ಮ್ಯಾಟ್ ತೆಳು ಕೋಟು ಕೊಡಿ. ಕೆಂಜಿಗದ ವೇಷಕ್ಕೆ ಸ್ವಲ್ಪ ಹೊಳಪು ಇದ್ದರೂ ಚಂದವೇ, ನಾನು ಎಷ್ಟೋ ಸಲ ಹಾಗೇ ಬಿಟ್ಟಿದ್ದೇನೆ.

ಬಸ್ಸಿಳಿದಾಗ ಕಾಲು ಮುರಿದಿರುತ್ತದೆ

ಬೇಸ್ ಅಡಿಗೆ ಮ್ಯಾಗ್ನೆಟ್ ಅಂಟಿಸಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಒಯ್ಯುವುದು ಎಲ್ಲರೂ ಹೇಳುವ ಉಪಾಯ. ಮನೆಯ ಚಕ್ಕುಲಿ ಡಬ್ಬಿಗೆ ಮ್ಯಾಗ್ನೆಟ್ ಅಂಟಲೇ ಇಲ್ಲ. ಮ್ಯಾಗ್ನೆಟ್ ಡೂಪ್ಲಿಕೇಟ್ ಅಂದುಕೊಂಡು ಇನ್ನೊಂದು ಪ್ಯಾಕೆಟ್ ತರಿಸಿದೆ. ತಪ್ಪು ಡಬ್ಬಿಯದ್ದು. ಅಡುಗೆಮನೆಯ ಎಷ್ಟೋ ಸ್ಟೇನ್‌ಲೆಸ್ ಪಾತ್ರೆಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ತಗಡಿನ ಬಿಸ್ಕತ್ ಡಬ್ಬಿ, ಹಳೇ ಟ್ರಂಕ್ ಹಿಡಿಯುತ್ತವೆ. ಪಾತ್ರೆ ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ.

ಹಿಂಡು ದೊಡ್ಡದು, ಆದರೂ ಸೋಲು

ಇನ್ನು ಆಟದ ದೋಷ. ನಾನು ಹೇಳುವ ಲೆಕ್ಕ ಆಟದ ನಿಯಮಗಳ 10ನೇ ಆವೃತ್ತಿಯದ್ದು. 44 ಇಂಚಿಗೆ 60 ಇಂಚಿನ ಮೈದಾನ, ಐದು ಸುತ್ತು.

ಲಕ್ಷಣ ಹೀಗಿರುತ್ತದೆ. ನಿಮ್ಮ ಹುಳುಗಳು ಗುರಿಯ (ಹಿಡಿದುಕೊಂಡರೆ ಅಂಕ ಸಿಗುವ ಜಾಗ) ಮೇಲೆ ನಿಂತಿವೆ, ಎಣಿಕೆಯಲ್ಲೂ ಜಾಸ್ತಿ ಇವೆ, ಆದರೂ ಅಂಕ ಎದುರಾಳಿಗೆ. ಮೊದಲು ಕೇಳಬೇಕಾದ್ದು, ಅವು ಬ್ಯಾಟಲ್‌ಶಾಕ್ ಆಗಿವೆಯಾ, ಅಂದರೆ ಧೈರ್ಯಗೆಟ್ಟಿವೆಯಾ? 20ರ ಗುಂಪು 9ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ, ನಿಮ್ಮ ಸರದಿಯ ಆರಂಭದಲ್ಲಿ ದಾಳ ಉರುಳಿಸಬೇಕು. ಗಾಂಟ್‌ಗಳಿಗೆ ಎರಡು ದಾಳದಲ್ಲಿ 8 ಅಥವಾ ಜಾಸ್ತಿ ಬರಬೇಕು. 36ರಲ್ಲಿ 15 ಸಲ ಮಾತ್ರ ಬರುತ್ತದೆ. ಬರದಿದ್ದರೆ ಗುರಿ ಹಿಡಿಯುವ ಬಲ ಸೊನ್ನೆ. ಸಿನಾಪ್ಸ್ (ಹಿಂಡನ್ನು ಹತೋಟಿಯಲ್ಲಿಡುವ ಶಕ್ತಿ) ಇರುವ ನಾಯಕ ಹುಳು 6 ಇಂಚಿನೊಳಗೆ ಇದ್ದರೆ ಮೂರು ದಾಳ ಉರುಳಿಸಬಹುದು. ಆಗ 216ರಲ್ಲಿ 181 ಸಲ ಪಾರು. ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವ ಬಣ್ಣ, ಆಯುಧದಲ್ಲೂ ಸಿಗುವುದಿಲ್ಲ.

ಆದ್ದರಿಂದ ಸೋತ ಆಟವನ್ನು ನೆನೆಸಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ, ನನ್ನ ನಾಯಕ ಹುಳು ಎಷ್ಟನೇ ಸುತ್ತಿನಲ್ಲಿ ಸತ್ತಿತು? ಎರಡನೆಯದರಲ್ಲಿ ಅಂದರೆ ಬೇರೆ ದೋಷ ಹುಡುಕುವುದೇ ಬೇಡ. ಹೈವ್ ಟೈರಂಟ್ ದೊಡ್ಡದಿದೆ ಅಂತ ಮುಂದೆ ಓಡಿಸುತ್ತೇವೆ, ಅದೇ ಎಡವಟ್ಟು. ಎರಡು ಗುಂಪಿನ ನಡುವೆ, ಗೋಡೆ ಮರೆಯಲ್ಲಿ ನಿಲ್ಲಿಸಿ. ನಾನು 6 ಇಂಚಿಗೆ ಕತ್ತರಿಸಿದ ಒಂದು ಬಿದಿರು ಕಡ್ಡಿ ಇಟ್ಟುಕೊಂಡಿದ್ದೇನೆ. ಪ್ರತಿ ಸರದಿ ಮುಗಿಸುವ ಮುಂಚೆ ಒಂದು ಸಲ ಸುತ್ತ ತಿರುಗಿಸಿ ನೋಡುತ್ತೇನೆ.

ಎರಡನೇ ಕಾರಣ ಸಾಲು. ಏಳು ಅಥವಾ ಹೆಚ್ಚು ಬೊಂಬೆ ಇರುವ ಗುಂಪಿನಲ್ಲಿ ಪ್ರತಿಯೊಂದಕ್ಕೂ 2 ಇಂಚಿನೊಳಗೆ ಇಬ್ಬರು ಜೊತೆಗಾರರು ಬೇಕು. ಹುಳುಗಳನ್ನು ಒಂದೇ ದಾರದ ಹಾಗೆ ಎಳೆದರೆ ತುದಿಯದಕ್ಕೆ ಒಬ್ಬನೇ. ತುದಿಯಲ್ಲಿ ಮೂರನ್ನು ಒತ್ತಟ್ಟಿಗೆ ನಿಲ್ಲಿಸಿ. ಸತ್ತವನ್ನು ತೆಗೆಯುವಾಗ ನಡುವಿನಿಂದ ತೆಗೆದು ಸಾಲು ತುಂಡಾದರೆ ಒಂದು ತುಂಡು ಪೂರ್ತಿ ಹೋಗುತ್ತದೆ, ಯಾರೂ ಗುಂಡು ಹೊಡೆಯದೆಯೇ. ಎದುರಾಳಿಯ ಹತ್ತಿರ ಬ್ಲಾಸ್ಟ್ (ಸ್ಫೋಟದ) ಆಯುಧ ಇದ್ದರೆ ಐದು ಬೊಂಬೆಗೆ ಒಂದರಂತೆ ಹೆಚ್ಚು ಏಟು ಸಿಗುತ್ತದೆ, 20ರ ಗುಂಪಿಗೆ 4. ಅಂಥವನೆದುರು ಎರಡು ಹತ್ತರ ಗುಂಪು ಒಳ್ಳೆಯದು.

ಸಮಯ ಸಾಲುತ್ತಿಲ್ಲ ಅನ್ನುವವರಿಗೆ ಒಂದೇ ಮಾತು, ದಾಳಗಳನ್ನು ಹತ್ತು ಹತ್ತರ ಬಣ್ಣದಲ್ಲಿ ಇಟ್ಟುಕೊಳ್ಳಿ. 20 ಹಾರ್ಮಗಾಂಟ್ ಎಂದರೆ ಒಂದಕ್ಕೆ ಮೂರು ಏಟಿನಂತೆ 60 ದಾಳ. ಎಣಿಸುತ್ತ ಕೂತರೆ ಹಾಸನಕ್ಕೆ ಕೊನೇ ಬಸ್ಸು ಹೋಗಿರುತ್ತದೆ.

ಒಮ್ಮೆ ಹೀಗೇ ನಾಲ್ಕನೇ ಸುತ್ತಿನಲ್ಲಿ ಯಾವ ಹುಳಕ್ಕೆ ಸಿನಾಪ್ಸ್ ಇದೆ ಅಂತ ನಾನೇ ತಡಕಾಡುತ್ತಿದ್ದೆ. ವಾರಿಯರ್‌ಗಳೂ ಕೆಂಪು, ಟೈರಂಟೂ ಕೆಂಪು, ಎಲ್ಲ ಕೆಂಪು. ಹಾಸನದವನು ನಕ್ಕು, "ಗುರು, ನಿನ್ನ ನಾಯಕ ಯಾರು ಅಂತ ನಿಂಗೇ ಗೊತ್ತಿಲ್ಲ ಅಲ್ವಾ" ಅಂದ. ಅವತ್ತು ರಾತ್ರಿಯೇ ಸಿನಾಪ್ಸ್ ಇರುವ ಎಲ್ಲದರ ಬೆನ್ನುಚಿಪ್ಪಿಗೂ ಕೆಂಜಿಗ ರಾಣಿಯ ಹಸಿರು ಬಳಿದೆ. ಮೊದಲು ಕಾಲು ಮುರಿದ ಆ ಹಾರ್ಮಗಾಂಟ್‌ಗೆ ಹಚ್ಚಿ ನೋಡಿಯೇ. ಈಗ ಒಂದು ಕಣ್ಣು ಹಾಯಿಸಿದರೆ ಸಾಕು, ಹಸಿರು ಎಲ್ಲಿದೆ, ಕಡ್ಡಿ ಎಲ್ಲಿಯವರೆಗೆ ಮುಟ್ಟುತ್ತದೆ, ಯಾವ ಗುಂಪು ಹೊರಗುಳಿದಿದೆ ಎಲ್ಲ ಗೊತ್ತಾಗುತ್ತದೆ. ತೊಂದರೆ ಏನೆಂದರೆ ಅದು ಅವನಿಗೂ ಗೊತ್ತಾಗುತ್ತದೆ. ಮೊದಲ ಸುತ್ತಿನ ಗುಂಡೆಲ್ಲ ಹಸಿರಿಗೇ ಬೀಳುತ್ತದೆ. ಹಾಗಾಗಿ ಒಂದು ಹಸಿರನ್ನು ಅವನಿಗೆ ಕಾಣುವ ಹಾಗೆ ಬಿಟ್ಟು, ಇನ್ನೆರಡನ್ನು ಗೋಡೆಯ ಹಿಂದೆ ಇಡುವ ಅಭ್ಯಾಸ ಮಾಡಿಕೊಂಡಿದ್ದೇನೆ.